ಸೂತ್ರ ಬಾಯಿಗೆ ಬರುತ್ತದೆ, ಲೆಕ್ಕ ಕೈಗೆ ಬರುವುದಿಲ್ಲ

ಮಂಡ್ಯದಿಂದ ಒಬ್ಬ ತಾಯಿ:
ಮಗಳು ಎರಡನೇ ಪಿಯುಸಿ ಸೈನ್ಸ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಫಿಸಿಕ್ಸ್ ಸೂತ್ರಗಳೆಲ್ಲ ಬಾಯಿಪಾಠ. ಲೆಕ್ಕ ಕೊಟ್ಟರೆ ಮಾತ್ರ ಪೆನ್ನು ಹಿಡಿದು ಸುಮ್ನೆ ಕೂರುತ್ತಾಳೆ. ಚಲನೆ, ಬಲ, ಸರ್ಕ್ಯೂಟ್ ಮೂರರಲ್ಲೂ ಇದೇ ಕಥೆ. ನಿಮಗೆ ಯಾವುದು ಕೈ ಹಿಡಿಯಿತು, ಹೇಳ್ತೀರಾ?

ಮೈಸೂರಿನಿಂದ, ಮನೆಪಾಠ ಹೇಳುವವರು:
ಅಕ್ಕ, ಬುದ್ಧಿ ಕಡಿಮೆ ಅಂತ ಖಂಡಿತ ಅಂದುಕೊಳ್ಳಬೇಡಿ. ಈ ಮಕ್ಕಳು ಪ್ರಶ್ನೆಯ ಇಂಗ್ಲಿಷ್‌ನಲ್ಲೇ ಸಿಕ್ಕಿಕೊಳ್ಳುತ್ತಾರೆ. ಲೆಕ್ಕವನ್ನು ಮೊದಲು ಕನ್ನಡದಲ್ಲಿ ಕಥೆ ಥರ ಹೇಳಿಸಿ. "ಬಸ್ಸು ಗಂಟೆಗೆ 54 ಕಿ.ಮೀ. ವೇಗದಲ್ಲಿತ್ತು. ಡ್ರೈವರ್ ಬ್ರೇಕ್ ಹಾಕಿದ. 5 ಸೆಕೆಂಡಿಗೆ ನಿಂತಿತು. ಅಷ್ಟರಲ್ಲಿ ಎಷ್ಟು ದೂರ ಹೋಯಿತು?" ಈಗ 54 ಅನ್ನು 3.6ರಿಂದ ಭಾಗಿಸಲಿ, ಸೆಕೆಂಡಿಗೆ 15 ಮೀಟರ್. ಎಷ್ಟೋ ಮಕ್ಕಳು ಇದನ್ನು ಮರೆತೇ ಮಾರ್ಕ್ಸ್ ಕಳೆದುಕೊಳ್ಳುತ್ತಾರೆ. ಕೊನೆಯ ವೇಗ ಸೊನ್ನೆ. ಒಂದೇ ಸಮನೆ ಇಳಿದಿದ್ದರೆ ಸರಾಸರಿ 7.5. ಐದು ಸೆಕೆಂಡಿಗೆ 37.5 ಮೀಟರ್. ಸೂತ್ರವೇ ಬೇಕಾಗಲಿಲ್ಲ ಅಲ್ವಾ? ಆಮೇಲೆ ಸೂತ್ರದಿಂದಲೂ ಮಾಡಿಸಿ. ಎರಡೂ ಒಂದೇ ಬಂದರೆ ಧೈರ್ಯ ತಾನಾಗಿ ಬರುತ್ತದೆ.

ಮದ್ದೂರಿನ ಇಂಜಿನಿಯರಿಂಗ್ ವಿದ್ಯಾರ್ಥಿ:
ನನ್ನ ತಲೆ ಕೆಡಿಸಿದ್ದು ಬಲ. ಎತ್ತು ಗಾಡಿಯನ್ನು ಎಷ್ಟು ಎಳೆಯುತ್ತದೋ ಗಾಡಿಯೂ ಎತ್ತನ್ನು ಅಷ್ಟೇ ಹಿಂದಕ್ಕೆ ಎಳೆಯುತ್ತದೆ. ಹಾಗಾದರೆ ಕಬ್ಬಿನ ಗಾಡಿ ಮುಂದೆ ಹೋಗುವುದು ಹೇಗೆ? ಗಾಡಿಯ ಚಿತ್ರವನ್ನು ಮಾತ್ರ ಬೇರೆಯಾಗಿ ಬರೆದ ದಿನ ಗಂಟು ಬಿಚ್ಚಿತು. ಆ ಎರಡು ಬಲಗಳು ಬೀಳುವುದು ಬೇರೆ ಬೇರೆ ವಸ್ತುಗಳ ಮೇಲೆ. ಗಾಡಿಯ ಲೆಕ್ಕಕ್ಕೆ ಎತ್ತಿನ ಎಳೆತ ಮುಂದಕ್ಕೆ, ಚಕ್ರದ ತಡೆ ಹಿಂದಕ್ಕೆ. ಎಳೆತ ಜಾಸ್ತಿಯಾದರೆ ಗಾಡಿ ಹೊರಡುತ್ತದೆ. ಎತ್ತನ್ನು ಮುಂದಕ್ಕೆ ತಳ್ಳುವುದು ನೆಲ, ಅದು ಗೊರಸಿನಿಂದ ನೆಲವನ್ನು ಹಿಂದಕ್ಕೆ ಒತ್ತುವುದರಿಂದ. ಕೆಸರಿನಲ್ಲಿ ಹಿಡಿತ ಸಿಗುವುದಿಲ್ಲ, ಜಾರುತ್ತದೆ. ಒಂದು ಚಿತ್ರಕ್ಕೆ ಒಂದೇ ವಸ್ತು, ಅದನ್ನು ಬಿಡಬೇಡಿ ಅಂತ ತಂಗಿಗೆ ಹೇಳಿ ಆಂಟಿ.

ಮಂಡ್ಯದಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯವರು:
ಅಮ್ಮ, ನಾನು ಓದಿದ್ದು ಐಟಿಐ. ಸರ್ಕ್ಯೂಟ್ ಬಗ್ಗೆ ಮಾತ್ರ ಹೇಳುತ್ತೇನೆ. ನಮ್ಮಲ್ಲಿ ಸೀರೀಸ್ ಬೋರ್ಡ್ ಅಂತ ಇರುತ್ತದೆ. ಬಲ್ಬಿನ ಜೊತೆ ಸಾಲಾಗಿ ಪಂಪ್‌ಸೆಟ್ ಮೋಟಾರಿನ ಕಾಯಿಲ್ ಸೇರಿಸಿ ನೋಡುತ್ತೇವೆ. ಬಲ್ಬು ಉರಿಯದಿದ್ದರೆ ಒಳಗೆ ತಂತಿ ಕಟ್ ಆಗಿದೆ, ಕರೆಂಟಿಗೆ ದಾರಿ ಇಲ್ಲ. ಪೂರ್ತಿ ಉರಿದರೆ ಶಾರ್ಟ್, 230 ವೋಲ್ಟೂ ಬಲ್ಬಿಗೇ ಬಿತ್ತು. ಮಂಕಾಗಿ ಉರಿದರೆ ವೋಲ್ಟೇಜು ಎರಡಕ್ಕೂ ಹಂಚಿಹೋಗಿದೆ. ಮಗಳಿಗೆ ಒಂದು ಪ್ರಶ್ನೆ ಕೊಡಿ: ಹಳೇ ತಂತಿ ಬಲ್ಬು 60 ವಾಟ್, 100 ವಾಟ್ ಎರಡನ್ನೂ ಸೀರೀಸ್‌ನಲ್ಲಿ ಹಾಕಿದರೆ ಯಾವುದು ಜಾಸ್ತಿ ಉರಿಯುತ್ತದೆ? ಉತ್ತರ 60. ಅದರ ತಡೆ ಸುಮಾರು 882 ಓಮ್, 100ರದ್ದು 529. ಕರೆಂಟು ಎರಡರಲ್ಲೂ ಒಂದೇ, ಹಾಗಾಗಿ ತಡೆ ಜಾಸ್ತಿ ಇರುವುದೇ ಜಾಸ್ತಿ ಉರಿಯುತ್ತದೆ. ಮನೆ ಕರೆಂಟಿನಲ್ಲಿ ಮಾತ್ರ ಮಾಡಿ ನೋಡುವುದು ಬೇಡ. ಎರಡು ಸೆಲ್, ಎರಡು ಟಾರ್ಚ್ ಬಲ್ಬ್ ಸಾಕು.

ಕೇಳಿದ ತಾಯಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ರಾತ್ರಿ ಬಸ್ಸಿನ ಲೆಕ್ಕ ಕೊಟ್ಟೆ. "3.6 ಎಲ್ಲಿಂದ ಬಂತು?" ಅಂದಳು. ನನಗೂ ಗೊತ್ತಿರಲಿಲ್ಲ. ಇಬ್ಬರೂ ಕೂತು 3600 ಸೆಕೆಂಡನ್ನು 1000 ಮೀಟರಿನಿಂದ ಭಾಗಿಸಿ ನೋಡಿದೆವು. ಅಣ್ಣ, ಟಾರ್ಚ್ ಬಲ್ಬಿನ ಹೋಲ್ಡರ್ ನಿಮ್ಮ ಅಂಗಡಿಯಲ್ಲಿ ಸಿಗುತ್ತದಾ?