ಕಬಿನಿ ರೆಸಾರ್ಟ್‌ನಲ್ಲಿ ಆರು ಜನಕ್ಕೆ ಎರಡು ರಾತ್ರಿ: 1,12,100 ರೂಪಾಯಿ ಕೊಡಬಹುದೇ?

ಹೇಮಾವತಿ_ದಂಡೆ:

ಎಲ್ಲರಿಗೂ ನಮಸ್ಕಾರ. ನಾವು ಹಾಸನದವರು, ಮನೆಯಲ್ಲಿ ಆರು ಜನ: ನಾನು, ನಮ್ಮ ಯಜಮಾನರು, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗ, ಮತ್ತು ಅತ್ತೆ-ಮಾವ. ಅತ್ತೆ-ಮಾವನವರ ಮದುವೆಯಾಗಿ ಈ ವರ್ಷಕ್ಕೆ 45 ವರ್ಷ ತುಂಬುತ್ತದೆ. ಅವರು ಇದುವರೆಗೆ ಊರು ಬಿಟ್ಟು ಹೋದದ್ದೆಲ್ಲ ದೇವಸ್ಥಾನಕ್ಕೆ, ನೆಂಟರ ಮದುವೆಗೆ ಅಥವಾ ಆಸ್ಪತ್ರೆಗೆ. ಸುಮ್ಮನೆ ವಿಶ್ರಾಂತಿಗೆಂದು ಎಲ್ಲಿಯೂ ಎರಡು ದಿನ ಉಳಿದವರಲ್ಲ. ಆದ್ದರಿಂದ ಬರುವ ದಸರಾ ರಜೆಯಲ್ಲಿ ಅವರನ್ನು ಕಬಿನಿ ಹಿನ್ನೀರಿನ ದಡದಲ್ಲಿರುವ ಒಂದು ಖಾಸಗಿ ರೆಸಾರ್ಟ್‌ಗೆ ಕರೆದುಕೊಂಡು ಹೋಗಬೇಕೆಂಬುದು ಯಜಮಾನರ ಆಸೆ.

ರೆಸಾರ್ಟ್‌ನವರು ಕೊಟ್ಟಿರುವ ಲೆಕ್ಕ ಹೀಗಿದೆ. ದಿನಕ್ಕೆ 22,000 ರೂಪಾಯಿಯ ಎರಡು ಕೋಣೆ, ಎರಡು ರಾತ್ರಿಗೆ 88,000. ಮಗಳ ಹೆಚ್ಚುವರಿ ಹಾಸಿಗೆಗೆ 7,000. ಇವುಗಳ ಮೇಲೆ ಶೇಕಡ 18ರ ಜಿಎಸ್‌ಟಿ 17,100. ಒಟ್ಟು 1,12,100 ರೂಪಾಯಿ. ಮೂರು ಹೊತ್ತಿನ ಊಟ-ತಿಂಡಿ ಇದರಲ್ಲಿಯೇ ಬರುತ್ತದೆ, ಸಫಾರಿಯ ಹಣ ಬೇರೆ. ಹಾಸನದಿಂದ ಹೋಗಿಬರುವ ಬಾಡಿಗೆ ಕಾರಿನ ಖರ್ಚನ್ನು ನಾನು ಇನ್ನೂ ಸೇರಿಸಿಲ್ಲ.

ಚೀಟಿ ಹಣ ಒಂದೂವರೆ ಲಕ್ಷ ಕೈಗೆ ಬಂದಿರುವುದರಿಂದ ಸಾಲ ಮಾಡಬೇಕಾದ ಪ್ರಮೇಯವೇನೂ ಇಲ್ಲ. ಆದರೆ ತಿಂಗಳು ತಿಂಗಳು ಕಟ್ಟಿ ಕೂಡಿಸಿದ ಆ ಹಣ ಎರಡು ರಾತ್ರಿಯಲ್ಲಿ ಮುಗಿದುಹೋಗುವುದನ್ನು ನೆನೆದರೆ ನನಗೆ ನಿದ್ದೆ ಬರುತ್ತಿಲ್ಲ. ಬೇಡವೆಂದು ಹೇಳಿದರೆ ಹಿರಿಯರ ವಿಷಯದಲ್ಲಿ ಜಿಪುಣತನ ತೋರಿಸಿದೆನೆಂಬ ಅಳುಕು. ಆ ರೆಸಾರ್ಟ್ ಚೆನ್ನಾಗಿದೆಯೇ ಎಂದು ನಾನು ಕೇಳುತ್ತಿಲ್ಲ, ಚೆನ್ನಾಗಿಯೇ ಇರಬಹುದು. ನಮ್ಮಂಥ ಕುಟುಂಬಕ್ಕೆ ಅಷ್ಟು ಹಣದ ಫಲ ಅಲ್ಲಿ ಸಿಗುತ್ತದೆಯೇ ಎಂಬುದನ್ನು ತೀರ್ಮಾನಿಸುವುದು ಹೇಗೆಂದು ತಿಳಿದವರು ದಯವಿಟ್ಟು ಹೇಳಬೇಕು.

ಲೆಕ್ಕದ_ಪುಸ್ತಕ:

ಮೇಡಂ, ಮೊದಲು ಸಮಯದ ಲೆಕ್ಕ ಹಾಕಿ, ಹಣದ ಲೆಕ್ಕ ಆಮೇಲೆ. ಎರಡು ರಾತ್ರಿ ಎಂದರೆ ನಮ್ಮ ಮನಸ್ಸು ಮೂರು ದಿನ ಎಂದುಕೊಳ್ಳುತ್ತದೆ. ಮಧ್ಯಾಹ್ನ ಒಂದಕ್ಕೆ ಕೋಣೆ ಕೊಟ್ಟು ಮೂರನೆಯ ದಿನ ಬೆಳಿಗ್ಗೆ ಹತ್ತೂವರೆಗೆ ಖಾಲಿ ಮಾಡಿಸಿದರೆ ನಿಮಗೆ ಸಿಗುವುದು ನಲವತ್ತೈದೂವರೆ ಗಂಟೆ. ಅದರಲ್ಲಿ ಎರಡು ರಾತ್ರಿಯ ನಿದ್ದೆಗೆ ಹದಿನಾರು ಗಂಟೆ ಕಳೆದರೆ ಎಚ್ಚರವಿರುವುದು ಇಪ್ಪತ್ತೊಂಬತ್ತೂವರೆ ಗಂಟೆ, ಅಂದರೆ ಗಂಟೆಗೆ ಸುಮಾರು 3,800 ರೂಪಾಯಿ. ಈ ಅಂಕಿಯನ್ನು ಹೆದರಿಸಲು ಹೇಳುತ್ತಿಲ್ಲ. ಆ ಗಂಟೆಗಳಲ್ಲಿ ನಿಮ್ಮ ಮನೆಯ ಒಬ್ಬೊಬ್ಬರೂ ಎಲ್ಲಿರುತ್ತಾರೆ, ಏನು ಮಾಡುತ್ತಿರುತ್ತಾರೆ ಎಂದು ಒಂದು ಹಾಳೆಯ ಮೇಲೆ ಬರೆದು ನೋಡಿ. ಬೆಳಗಿನ ಸಫಾರಿಗೆ ಐದೂವರೆಗೆ ಏಳಬೇಕು. ಸಂಜೆಯ ಸಫಾರಿಗೆ ಮೂರೂವರೆಯ ಹೊತ್ತಿಗೆ ಸಿದ್ಧರಾಗಿರಬೇಕು. ನಡುವೆ ತಿಂಡಿ, ಸ್ನಾನ, ಊಟ, ಮಗನ ನಿದ್ದೆ. ಈಜುಕೊಳ, ಸ್ಪಾ, ಆಟದ ಕೋಣೆ ಇವುಗಳಿಗೆಲ್ಲ ಬಾಡಿಗೆಯಲ್ಲಿ ಹಣ ಕೊಟ್ಟಿರುತ್ತೀರಿ, ಆದರೆ ಬಳಸುವುದಕ್ಕೆ ಹೊತ್ತು ಉಳಿಯುವುದಿಲ್ಲ.

ಇನ್ನು ತೆರಿಗೆಯ ವಿಷಯ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿಯವರೆಗಿನ ಕೋಣೆಗೆ ಶೇಕಡ 5ರ ಜಿಎಸ್‌ಟಿ. ಅದನ್ನು ದಾಟಿದರೆ ಪೂರ್ತಿ ಬಾಡಿಗೆಯ ಮೇಲೆ ಶೇಕಡ 18. ಹೀಗಾಗಿ 7,500ರ ಕೋಣೆ ತೆರಿಗೆ ಸೇರಿ 7,875 ಆದರೆ, 7,600ರ ಕೋಣೆ 8,968 ಆಗುತ್ತದೆ. ಬಾಡಿಗೆಯಲ್ಲಿರುವ ನೂರು ರೂಪಾಯಿಯ ವ್ಯತ್ಯಾಸ ಬಿಲ್ಲಿನಲ್ಲಿ ಸಾವಿರ ದಾಟುತ್ತದೆ. ನಿಮ್ಮ 17,100 ರೂಪಾಯಿಯ ತೆರಿಗೆಯಷ್ಟರಲ್ಲಿಯೇ ಸಾಧಾರಣವಾದ, ಶುಚಿಯಾದ ಒಂದು ಕೋಣೆಯಲ್ಲಿ ಎರಡು ರಾತ್ರಿ ಕಳೆಯಬಹುದು ಎಂಬುದನ್ನು ಗಮನಿಸಿ.

ಬಾಡಿಗೆ ಕಾರಿನಲ್ಲಿ ಹೋಗುವುದಾದರೆ ಚಾಲಕನ ಬಾಟಾ ಎಷ್ಟು, ಎರಡು ರಾತ್ರಿ ಅವನು ಎಲ್ಲಿ ಮಲಗುತ್ತಾನೆ, ಅವನ ಊಟದ ವ್ಯವಸ್ಥೆ ಏನು ಎಂದು ಮೊದಲೇ ಕೇಳಿಕೊಳ್ಳಿ. ಎಷ್ಟೋ ಕುಟುಂಬಗಳು ಇದನ್ನು ಮರೆತು, ಅಲ್ಲಿಗೆ ಹೋದ ಮೇಲೆ ಆ ಮನುಷ್ಯನನ್ನು ಕಾರಿನಲ್ಲಿಯೇ ಮಲಗಿಸುತ್ತವೆ. ಅದು ಸರಿಯಲ್ಲ.

ಕಾಕನಕೋಟೆ_ದಾರಿ:

ನಾನು ಹೆಗ್ಗಡದೇವನಕೋಟೆ ತಾಲ್ಲೂಕಿನವನು. ಹಿನ್ನೀರನ್ನು ಚಿಕ್ಕಂದಿನಿಂದ ನೋಡುತ್ತ ಬೆಳೆದವನು. ನಿಮ್ಮ ಲೆಕ್ಕದಲ್ಲಿ ಕಾಡು ಎಲ್ಲಿದೆ, ಕೋಣೆ ಎಲ್ಲಿದೆ ಎಂಬುದನ್ನು ಬೇರೆ ಮಾಡಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಕಬಿನಿ ಕಡೆಯ ರೆಸಾರ್ಟ್‌ಗಳಲ್ಲಿ ಉಳಿದವರಿಗೆ ಸಫಾರಿ ನಡೆಸುವುದು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ. 1980ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ವಸತಿಗೃಹ ಕಾರಾಪುರದಲ್ಲಿದೆ. ಖಾಸಗಿ ರೆಸಾರ್ಟ್‌ನಲ್ಲಿ ಉಳಿದವರಿಗೂ ಆ ಸಂಸ್ಥೆಯ ಜೀಪು, ದೋಣಿಗಳಲ್ಲಿಯೇ ಸೀಟು ಹಂಚಿಕೆಯಾಗುತ್ತದೆ. ಅಂದರೆ ದಿನಕ್ಕೆ 22,000 ಕೊಟ್ಟವರೂ ಅದಕ್ಕಿಂತ ಕಡಿಮೆ ಕೊಟ್ಟವರೂ ನೋಡುವುದು ಅದೇ ನಾಗರಹೊಳೆಯ ಕಾಡು, ಅದೇ ದಾರಿ, ಅದೇ ಆನೆ. ಸಂಸ್ಥೆಯ ವಸತಿಗೃಹದಲ್ಲಿ ತಲೆಗೆ ಇಷ್ಟೆಂದು ದರ, ಅದರಲ್ಲಿ ವಾಸ, ಊಟ, ಸಫಾರಿ ಎಲ್ಲವೂ ಸೇರಿರುತ್ತವೆ. ಆದ್ದರಿಂದ ಹೋಲಿಸುವಾಗ ಒಂದು ಕೋಣೆಯ ದರವನ್ನು ಇನ್ನೊಂದು ಕೋಣೆಯ ದರದೊಂದಿಗೆ ಹೋಲಿಸದೆ, ಆರೂ ಜನಕ್ಕೆ ಸಫಾರಿ ಸೇರಿ ಒಟ್ಟು ಎಷ್ಟಾಗುತ್ತದೆ ಎಂಬುದನ್ನು ಎರಡೂ ಕಡೆ ಬರೆಸಿಕೊಳ್ಳಿ. ಕಾಡು ನೋಡುವುದಷ್ಟೇ ಉದ್ದೇಶವಾದರೆ ಮೈಸೂರಿನಲ್ಲಿ ಉಳಿದು, ಸುಮಾರು ಎಪ್ಪತ್ತು ಕಿಲೋಮೀಟರ್ ಬಂದು, ದಮ್ಮನಕಟ್ಟೆಯಲ್ಲಿ ಅರಣ್ಯ ಇಲಾಖೆಯ ಸಫಾರಿ ಮಾಡಿಕೊಂಡು ಹಿಂದಿರುಗುವವರೂ ಇದ್ದಾರೆ. ಹಿರಿಯರಿಗೆ ಅದು ಆಯಾಸ ಎಂಬುದನ್ನು ಒಪ್ಪುತ್ತೇನೆ.

ಇದಕ್ಕಿಂತ ದೊಡ್ಡ ವಿಷಯ ನೀವು ಆರಿಸಿರುವ ಕಾಲ. ಕಬಿನಿಗೆ ಕಟ್ಟಿದ ಬೀಚನಹಳ್ಳಿಯ ಅಣೆಕಟ್ಟು 1974ರಲ್ಲಿ ಮುಗಿದ ಮೇಲೆ ಕಾಕನಕೋಟೆಯ ಕಾಡಿನ ದೊಡ್ಡ ಭಾಗ, ಹಿಂದೆ ಕಾಡಾನೆ ಹಿಡಿಯುವ ಖೆಡ್ಡಾ ನಡೆಯುತ್ತಿದ್ದ ಜಾಗವೂ ಸೇರಿ, ನೀರಿನಡಿಗೆ ಹೋಯಿತು. ಮಳೆಗಾಲದ ನಂತರ ಜಲಾಶಯ ತುಂಬಿರುತ್ತದೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಯಲಾಗುವ ಮಣ್ಣಿನ ಮೇಲೆ ಎಳೆ ಹುಲ್ಲು ಚಿಗುರುತ್ತದೆ. ಒಳಗಾಡಿನ ಕೆರೆಗಳು ಬತ್ತಿರುವುದರಿಂದ ಆನೆಗಳು ಮಾರ್ಚಿಯಿಂದ ಮೇ ತನಕ ಹಿಂಡು ಹಿಂಡಾಗಿ ಅಲ್ಲಿಗೆ ಇಳಿಯುತ್ತವೆ. ಸಂಜೆ ನಾಲ್ಕರ ನಂತರ ದೋಣಿಯಲ್ಲಿ ಕುಳಿತು ನೋಡಿದರೆ, ಮುಳುಗಿ ಸತ್ತ ಮರಗಳ ಬೋಳು ಕೊರಡುಗಳ ಮೇಲೆ ಹಾವಕ್ಕಿ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿರುತ್ತದೆ, ಅದರ ಹಿಂದೆ ದಡದಲ್ಲಿ ತಾಯಾನೆ ಹುಲ್ಲಿನ ಬುಡವನ್ನು ಕಾಲಿನಿಂದ ಒದ್ದು ಸಡಿಲಿಸಿ, ಸೊಂಡಿಲಿನಲ್ಲಿ ಕಿತ್ತು, ಮಣ್ಣು ಉದುರುವಂತೆ ಕೊಡವಿ ಬಾಯಿಗಿಡುತ್ತಿರುತ್ತದೆ. ದಸರಾ ಹೊತ್ತಿಗೆ ಆ ಹುಲ್ಲುಗಾವಲೆಲ್ಲ ನೀರಿನಡಿಯಲ್ಲಿರುತ್ತದೆ, ಆನೆಗಳು ಒಳಗಾಡಿನಲ್ಲಿ ಚದುರಿರುತ್ತವೆ. ಆ ಸಮಯದಲ್ಲಿ ಕಾಡು ಹಸಿರಾಗಿ ಚೆಂದವೇ ಕಾಣುತ್ತದೆ. ಆದರೆ ಮೈಸೂರಿನ ಜನಜಂಗುಳಿಯಿಂದ ದರ ಏರಿರುವ ವಾರದಲ್ಲಿ ಬಂದು, ಆನೆ ಕಾಣದೆ ಮಕ್ಕಳು ಹಿಂದಿರುಗಿದರೆ ನಿಮಗೆ ಬೇಸರವಾದೀತು.

ಇನ್ನೊಂದು ಮಾತು. ಹುಲಿ ದಾಳಿಯಿಂದ ಜೀವಹಾನಿಯಾದ ಕಾರಣ 2025ರ ನವೆಂಬರಿನಲ್ಲಿ ಬಂಡೀಪುರ, ನಾಗರಹೊಳೆ ಎರಡರಲ್ಲಿಯೂ ಸರ್ಕಾರ ಸಫಾರಿಯನ್ನು ನಿಲ್ಲಿಸಿತ್ತು. ಕಾಡಂಚಿನ ಹಳ್ಳಿಯವರ ಜೀವದ ಮುಂದೆ ಸಫಾರಿ ದೊಡ್ಡದಲ್ಲ, ಆ ನಿರ್ಧಾರದ ಬಗ್ಗೆ ನನಗೆ ತಕರಾರಿಲ್ಲ. ಆದರೆ ಸಫಾರಿ ನಿಂತರೆ ಮುಂಗಡ ವಾಪಸು ಬರುತ್ತದೆಯೇ ಎಂಬುದನ್ನು ರೆಸಾರ್ಟ್‌ನವರಿಂದ ಬರವಣಿಗೆಯಲ್ಲಿ ಪಡೆಯದೆ ಹಣ ಕಟ್ಟಬೇಡಿ.

ಮಲೆನಾಡ_ಸೊಸೆ:

ಹೇಮಾವತಿಯವರೇ, ಎರಡು ವರ್ಷದ ಹಿಂದೆ ನಾನೂ ಇದೇ ಗೊಂದಲದಲ್ಲಿದ್ದೆ. ಕೊನೆಗೆ ಹೋದೆವು, ಬೇರೊಂದು ಊರಿನ ರೆಸಾರ್ಟ್‌ಗೆ. ಹೋದ ಮೇಲೆ ತಿಳಿಯಿತು, ಈಜುಕೊಳ ದುರಸ್ತಿಯಲ್ಲಿದೆ ಎಂದು. ಮುಂಗಡ ಪಡೆಯುವಾಗ ಆ ವಿಷಯವನ್ನು ಯಾರೂ ಹೇಳಿರಲಿಲ್ಲ, ಮಕ್ಕಳು ಇಡೀ ದಾರಿ ಅದರ ಮಾತನ್ನೇ ಆಡಿಕೊಂಡು ಬಂದಿದ್ದವು. ನಮ್ಮ ಎರಡು ಕೋಣೆಗಳನ್ನು ಒಂದನ್ನು ಆ ಕೊನೆಗೆ, ಇನ್ನೊಂದನ್ನು ಈ ಕೊನೆಗೆ ಕೊಟ್ಟಿದ್ದರು. ಮಂಡಿನೋವಿರುವ ಅತ್ತೆಯವರು ಪ್ರತಿ ಊಟಕ್ಕೂ ಬ್ಯಾಟರಿ ಗಾಡಿಗಾಗಿ ಕಾದು ಕೂರಬೇಕಾಯಿತು. ಊಟದ ಮನೆ ತಲುಪುವಷ್ಟರಲ್ಲಿ ಬಿಸಿಯಾದದ್ದು ಏನೂ ಉಳಿದಿರುತ್ತಿರಲಿಲ್ಲ. ಆದ್ದರಿಂದ ಅಕ್ಕಪಕ್ಕದ ಕೋಣೆ, ನೆಲದ ಮಟ್ಟದ ಬಾಗಿಲು, ಊಟದ ಮನೆಗೆ ಇರುವ ದೂರ, ಪಾಶ್ಚಾತ್ಯ ಶೌಚಾಲಯದ ಪಕ್ಕದಲ್ಲಿ ಹಿಡಿಕೆ, ಇವನ್ನು ಕೇಳಿ ಖಚಿತ ಮಾಡಿಕೊಳ್ಳದೆ ಹಿರಿಯರನ್ನು ಕರೆದೊಯ್ಯಬೇಡಿ.

ಇಷ್ಟೆಲ್ಲ ಆದರೂ ನಾನು ಕೊಟ್ಟ ಹಣ ದಂಡವಾಯಿತು ಎನ್ನಲಾರೆ. ಮೊದಲ ದಿನ ಬೆಳಿಗ್ಗೆ ಐದಕ್ಕೆ ಎದ್ದ ಅತ್ತೆಯವರು ಹಾಸಿಗೆಯ ಚಾದರವನ್ನೆಲ್ಲ ಮಡಿಸಿಟ್ಟು, ಕಾಫಿ ಎಲ್ಲಿ ಮಾಡುವುದೆಂದು ಹುಡುಕುತ್ತಿದ್ದರು. ಆರಕ್ಕೆ ಒಬ್ಬ ಹುಡುಗ ಫ್ಲಾಸ್ಕ್‌ನಲ್ಲಿ ಕಾಫಿ ತಂದು ಜಗಲಿಯ ಮೇಲಿಟ್ಟು ಹೋದ. ಅವರು ಅದನ್ನು ಲೋಟಕ್ಕೆ ಬಗ್ಗಿಸಿಕೊಳ್ಳದೆ ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ, “ಮದುವೆಯಾಗಿ ಬಂದಮೇಲೆ ಬೆಳಗಿನ ಕಾಫಿಯನ್ನು ಬೇರೆಯವರು ಮಾಡಿಕೊಟ್ಟಿದ್ದು ನನ್ನ ಬಾಣಂತನದಲ್ಲಿ ಮಾತ್ರ” ಎಂದರು. ಎರಡನೆಯ ದಿನ ಚಾದರ ಮಡಿಸಲಿಲ್ಲ. ಅತ್ತೆಗೂ ನನಗೂ ಒಟ್ಟಿಗೆ ಕುಳಿತು ಮಾತಾಡಲು ಅಷ್ಟು ಹೊತ್ತು ಸಿಕ್ಕಿದ್ದು ನನ್ನ ಹದಿನಾಲ್ಕು ವರ್ಷದ ಸಂಸಾರದಲ್ಲಿ ಅದೇ ಮೊದಲು. ಹೋಂಸ್ಟೇಯಲ್ಲಿಯೂ ಇದು ಸಿಗುತ್ತದೆ, ದುಬಾರಿ ರೆಸಾರ್ಟ್‌ಗೇ ಹೋಗಬೇಕೆಂದಿಲ್ಲ. ಆದರೆ ಅಡುಗೆಮನೆಯ ಕೆಲಸ ಯಾವ ರೂಪದಲ್ಲಿಯೂ ಹೆಂಗಸರ ತಲೆಗೆ ಬಾರದ ಜಾಗವಾಗಿರಬೇಕು. ಖರ್ಚು ಉಳಿಸಲೆಂದು ಸ್ಟವ್, ಅಕ್ಕಿ, ಸಾರಿನ ಪುಡಿ ಕಟ್ಟಿಕೊಂಡು ಹೋಗುವ ಪ್ರವಾಸವನ್ನು ನಾನಂತೂ ರಜೆ ಎಂದು ಕರೆಯುವುದಿಲ್ಲ.

ನಿವೃತ್ತ_ಮೇಷ್ಟ್ರು:

ಅಮ್ಮಾ, ನಾನು ನಿಮ್ಮ ಮಾವನವರ ವಯಸ್ಸಿನವನು. ಎಲ್ಲರ ಮಾತನ್ನೂ ಓದಿದೆ. ಯಾರಿಗಾಗಿ ಇಷ್ಟೆಲ್ಲ ಯೋಚನೆ ನಡೆದಿದೆಯೋ ಅವರನ್ನೇ ಕೇಳಿದ ಹಾಗೆ ನಿಮ್ಮ ಬರಹದಲ್ಲಿ ಕಾಣಲಿಲ್ಲ.

ನನ್ನ ಮಕ್ಕಳೂ ಒಮ್ಮೆ ಹೇಳದೆ ಕೇಳದೆ ದೊಡ್ಡ ರೆಸಾರ್ಟ್ ಒಂದಕ್ಕೆ ಕರೆದೊಯ್ದಿದ್ದರು. ಕೋಣೆಯ ಬಾಗಿಲ ಹಿಂದೆ ದರಪಟ್ಟಿ ಅಂಟಿಸಿತ್ತು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಪಡೆಯುತ್ತಿದ್ದ ಇಡೀ ವರ್ಷದ ಸಂಬಳಕ್ಕಿಂತ ಒಂದು ರಾತ್ರಿಯ ಬಾಡಿಗೆ ಹೆಚ್ಚಿತ್ತು. ಆಮೇಲೆ ನನಗೆ ಊಟವೂ ಸೇರಲಿಲ್ಲ. ಮಕ್ಕಳ ಪ್ರೀತಿ ನನಗೆ ಅರ್ಥವಾಗಿತ್ತು, ಆದರೂ ಅವರು ಇಷ್ಟು ದುಡಿದದ್ದು ನನ್ನಿಂದ ಖರ್ಚಾಗುತ್ತಿದೆಯಲ್ಲ ಎಂಬ ಸಂಕಟವನ್ನು ಮೀರಲು ಆಗಲಿಲ್ಲ. ಮೊದಲೇ ಕೇಳಿದ್ದರೆ, ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದಲ್ಲಿರುವ ಪ್ರವಾಸೋದ್ಯಮ ನಿಗಮದ ಮಯೂರ ಹೋಟೆಲಿನಲ್ಲಿ ಎರಡು ದಿನ ಇದ್ದು, ರಂಗನಾಥನ ದರ್ಶನ ಮಾಡಿ, ರಂಗನತಿಟ್ಟಿನಲ್ಲಿ ಮೊಮ್ಮಕ್ಕಳ ಜೊತೆ ದೋಣಿಯಲ್ಲಿ ಒಂದು ಸುತ್ತು ಬರೋಣ ಎನ್ನುತ್ತಿದ್ದೆ. ನಿಮ್ಮ ಮಾವನವರ ಮನಸ್ಸು ಬೇರೆ ಇರಬಹುದು. ಮೊತ್ತವನ್ನೂ ಮುಚ್ಚಿಡದೆ ಹೇಳಿ, ಕೇಳಿ ನೋಡಿ.

ಹೇಮಾವತಿ_ದಂಡೆ:

ಎಲ್ಲರಿಗೂ ಕೃತಜ್ಞತೆಗಳು. ಮೇಷ್ಟ್ರ ಮಾತು ಓದಿದ ದಿನ ರಾತ್ರಿ ಊಟದ ಹೊತ್ತಿಗೆ ವಿಷಯವನ್ನು ಪೂರ್ತಿಯಾಗಿ, ಮೊತ್ತದ ಸಮೇತ, ಅತ್ತೆ-ಮಾವನವರ ಮುಂದಿಟ್ಟೆವು. ಮಾವನವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಷ್ಟು ಬೇಡ ಎಂದರು. ಬೇಡವೇ ಬೇಡ ಎನ್ನುತ್ತಾರೆಂದು ನಾನು ಅಂದುಕೊಂಡಿದ್ದ ಅತ್ತೆಯವರೇ, “ನನಗೆ ಕಾಡಿನಲ್ಲಿ ಆನೆ ನೋಡಬೇಕು. ಇಷ್ಟು ವರ್ಷ ದೇವಸ್ಥಾನದಲ್ಲಿ ಸರಪಳಿ ಹಾಕಿದ ಆನೆಯನ್ನೇ ನೋಡಿದ್ದೇನೆ” ಎಂದರು. ಅವರಿಗೆ ಅಂಥ ಆಸೆಯೊಂದು ಇತ್ತೆಂದು ಅವರ ಮಗನಿಗೂ ಗೊತ್ತಿರಲಿಲ್ಲ.

ಹೀಗಾಗಿ ದಸರಾ ಪ್ರವಾಸವನ್ನು ಕೈಬಿಟ್ಟಿದ್ದೇವೆ. ಮದುವೆಯ ದಿನದಂದು ಮನೆಯಲ್ಲಿಯೇ ಪೂಜೆ, ಊಟ. ಏಪ್ರಿಲ್‌ನಲ್ಲಿ ಶಾಲೆಗೆ ರಜೆ ಬಂದ ಮೇಲೆ, ವಾರದ ನಡುವಿನ ದಿನ ನೋಡಿಕೊಂಡು, ಕಾರಾಪುರದ ಸರ್ಕಾರಿ ವಸತಿಗೃಹದಲ್ಲಿ ಒಂದೇ ರಾತ್ರಿ ಉಳಿದು, ಮರುದಿನ ಮೈಸೂರಿನಲ್ಲಿ ನಾದಿನಿಯ ಮನೆಯಲ್ಲಿ ತಂಗಿ ಊರಿಗೆ ಬರುವುದೆಂದು ಮಾತಾಗಿದೆ. ಉಳಿದ ಹಣ ಮಗಳ ಶುಲ್ಕಕ್ಕೆ. ಕಾಕನಕೋಟೆಯವರಿಗೆ ಒಂದು ಪ್ರಶ್ನೆ ಉಳಿದಿದೆ: ಜೀಪಿನ ಮೆಟ್ಟಿಲು ಎತ್ತರವೆಂದು ಕೇಳಿದ್ದೇನೆ, ಮಾವನವರಿಗೆ ಕಾಲು ಎತ್ತಿಡುವುದು ಕಷ್ಟ. ಅವರಿಗೆ ಎರಡೂ ಹೊತ್ತು ದೋಣಿಯ ಸಫಾರಿಯನ್ನೇ ಕೇಳಿ ಪಡೆಯಬಹುದೇ? ನಾಲ್ಕು ವರ್ಷದ ಮಗನನ್ನು ಸಫಾರಿಗೆ ಬಿಡುತ್ತಾರೆಯೇ ಎಂದು ನಾಳೆ ನಾನೇ ಫೋನ್ ಮಾಡಿ ವಿಚಾರಿಸುತ್ತೇನೆ. ಬಿಡದಿದ್ದರೆ ಅವನ ಜೊತೆ ಕೋಣೆಯಲ್ಲಿ ಉಳಿಯುವುದು ನಾನು, ಅತ್ತೆಯವರಲ್ಲ.

ಕಾಕನಕೋಟೆ_ದಾರಿ:

ಕಾಯ್ದಿರಿಸುವಾಗಲೇ ಮಾವನವರ ಕಾಲಿನ ತೊಂದರೆಯ ವಿಷಯ ತಿಳಿಸಿ ದೋಣಿಯನ್ನೇ ಕೇಳಿಕೊಳ್ಳಿ. ಕೊನೆಯ ಗಳಿಗೆಯಲ್ಲಿ ಕೇಳಿದರೆ ಸೀಟು ಹಂಚಿಕೆ ಮುಗಿದಿರುತ್ತದೆ. ದೋಣಿಗೆ ಹತ್ತಲು ದಡದಿಂದ ಸ್ವಲ್ಪ ಇಳಿಯಬೇಕು, ಬೇಸಿಗೆಯಲ್ಲಿ ನೀರು ಹಿಂದೆ ಸರಿದಿರುವಾಗ ನಡೆಯುವ ದೂರವೂ ಹೆಚ್ಚುತ್ತದೆ. ಮಾವನವರಿಗೆ ಒಂದು ಊರುಗೋಲು ತನ್ನಿ, ಸಂಜೆಯ ಗಾಳಿಗೆ ಅತ್ತೆಯವರಿಗೆ ಒಂದು ಶಾಲು ಇರಲಿ.