ನಲಿಕಲಿ ಕೋಣೆಯಲ್ಲಿ ನನ್ನ ಮಗನಿಗೆ ಜಾಗ ಇದೆಯಾ?

ಅಪ್ಪುವಿನ ಅಮ್ಮ:
ಎಲ್ಲರಿಗೂ ನಮಸ್ಕಾರ. ನನ್ನ ಮಗನಿಗೆ 7 ವರ್ಷ. ಊರಿನ ಸರ್ಕಾರಿ ಶಾಲೆಯಲ್ಲಿ ಎರಡನೇ ಕ್ಲಾಸು. ನಲಿಕಲಿ ಕೋಣೆ, ಅಂದರೆ ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂತು ಕಾರ್ಡು ಹಿಡಿದು ಆಡುತ್ತಾ ಕಲಿಯುವ ಕೋಣೆ. ಆಟಿಸಂ ಅಂತ 4 ವರ್ಷಕ್ಕೆ ಗೊತ್ತಾಯಿತು. ಮಾತು ಕಡಿಮೆ, ಆದರೆ ಓದುತ್ತಾನೆ. ಬಸ್ಸಿನ ಬೋರ್ಡು, ಬಿಸ್ಕತ್ತಿನ ಪೊಟ್ಟಣ, ಏನು ಸಿಕ್ಕಿದರೂ ಸರಿ. ಹೋದ ವಾರ ಎಸ್‌ಡಿಎಂಸಿ (ಪೋಷಕರೇ ಇರುವ ಶಾಲಾ ಉಸ್ತುವಾರಿ ಸಮಿತಿ) ಸಭೆಯಲ್ಲಿ ಕೆಲವರು, "ಅವನು ಕಿರುಚ್ತಾ ಇದ್ರೆ ನಮ್ಮ ಮಕ್ಕಳು ಕಲಿಯೋದು ಹೇಗೆ?" ಅಂದರು. ಹೆಡ್‌ಮಾಸ್ಟರು ಒಳ್ಳೆಯವರೇ. ಆದರೂ ಆಮೇಲೆ ಕರೆದು, "ತಾಲ್ಲೂಕಿನಲ್ಲಿ ವಿಶೇಷ ಶಾಲೆ ಇದೆಯಲ್ಲಮ್ಮ, ಇಲ್ಲಾಂದ್ರೆ ಮನೆಯಲ್ಲೇ ಪಾಠ ಮಾಡಿಸೋಣ" ಅಂದರು. ಟಿಸಿ ಅಂತ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ. ನಾನು ಸುಮ್ನೆ ಹಟ ಮಾಡುತ್ತಿದ್ದೇನಾ? ನೇರವಾಗಿ ಹೇಳಿ.

ಕರಿ ಕೋಟು:
ಹಟ ಅಲ್ಲ, ಹಕ್ಕು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. 2016ರ ಕಾಯ್ದೆಯ 21 ವಿಧಗಳಲ್ಲಿ ಅದೂ ಒಂದು. ಅಂಗವೈಕಲ್ಯ 40% ಅಥವಾ ಅದಕ್ಕಿಂತ ಜಾಸ್ತಿ ಅಂತ ಸರ್ಟಿಫಿಕೇಟ್ ಇದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಮನೆ ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಅನ್ನುವ ಆಯ್ಕೆ ನಿಮ್ಮದು, ಶಾಲೆಯದಲ್ಲ. ಸೆಕ್ಷನ್ 31. ಪ್ರಿಂಟ್ ತೆಗೆದು ಹೆಡ್‌ಮಾಸ್ಟರ ಮೇಜಿನ ಮೇಲೆ ಇಡಿ.

ನಲಿಕಲಿ ಮೇಷ್ಟ್ರು:
ವಕೀಲರೇ, ಪ್ರಿಂಟ್ ಇಡುವುದು ಸುಲಭ. ಮಾರನೇ ದಿನ ಆ ಕೋಣೆಯಲ್ಲಿ ನಿಲ್ಲಬೇಕಾದವನು ನಾನು. ಒಂದು, ಎರಡು, ಮೂರನೇ ಕ್ಲಾಸು ಒಟ್ಟಿಗೆ, 34 ಮಕ್ಕಳು, ನಾನೊಬ್ಬನೇ. ಶಿಕ್ಷಣ ಹಕ್ಕು ಕಾಯ್ದೆ 30ಕ್ಕೆ ಒಬ್ಬರು ಅನ್ನುತ್ತದೆ, ಇರಲಿ. ಇದರ ಮಧ್ಯೆ ಮೊಟ್ಟೆ ಎಣಿಸಬೇಕು, ಆನ್‌ಲೈನ್ ಮಾಹಿತಿ ತುಂಬಬೇಕು. ನನ್ನ ಕ್ಲಾಸಿನಲ್ಲೂ ಇಂಥ ಹುಡುಗ ಒಬ್ಬನಿದ್ದ. ನಾನು ಅವನಿಗೆ ಏನೂ ಕಲಿಸಲಿಲ್ಲ. ಬಾಗಿಲ ಹತ್ತಿರ ಕೂರಿಸಿ, ಓಡಿಹೋಗದ ಹಾಗೆ ನೋಡಿಕೊಂಡೆ. ಹಾಜರಿ ಪುಸ್ತಕದ ಪ್ರಕಾರ ಅವನು ದಿನಾ ಶಾಲೆಯಲ್ಲಿದ್ದ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎರಡು ಜಡೆ:
ಕೇಳಲು ಕಹಿ, ಆದರೂ ಹೇಳುತ್ತೇನೆ. ನನ್ನ ಮಗಳ ಕ್ಲಾಸಿನಲ್ಲೂ ಇಂಥ ಮಗು ಇದೆ. ಎರಡು ಸಲ ಅವಳ ಜಡೆ ಹಿಡಿದು ಎಳೆದಿದ್ದಾನೆ. ಎರಡನೇ ಸಲ ಕೂದಲು ಕಿತ್ತು ಬಂತು. ಈಗ ಬೆಳಿಗ್ಗೆ ಹೊಟ್ಟೆನೋವು ಅಂತಾಳೆ. ಆ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ನಾನು ದೂರು ಕೊಟ್ಟರೆ "ಕರುಣೆ ಇಲ್ಲ" ಅನ್ನುವುದು ಯಾವ ನ್ಯಾಯ? ನನ್ನ ಮಗಳದೂ ಹಕ್ಕೇ ಅಲ್ವಾ?

ಹಿತೈಷಿ:
ಆಹಾರ ಬದಲಾಯಿಸಿ ನೋಡಿ ತಂಗಿ. ಗೋಧಿ, ಹಾಲು ಬಿಡಿಸಿದ ಮೇಲೆ ನಮ್ಮ ನೆಂಟರ ಮಗು ಮೂರೇ ತಿಂಗಳಲ್ಲಿ ಪೂರ್ತಿ ಗುಣವಾಯಿತು.

ಬಿಐಇಆರ್‌ಟಿ ಅಕ್ಕ:
ಹಿತೈಷಿಗಳೇ, ಆಟಿಸಂ ಗುಣವಾಗಲು ಅದು ಜ್ವರ ಅಲ್ಲ. ಮಿದುಳು ಹುಟ್ಟಿನಿಂದಲೇ ಬೇರೆ ರೀತಿ ಬೆಳೆದಿರುತ್ತದೆ. ಮೊದಲೇ ಆರಿಸಿ ತಿನ್ನುವ ಮಕ್ಕಳು ಇವರು. ಇರುವ ಹಾಲನ್ನೂ ಕಿತ್ತುಕೊಳ್ಳಬೇಡಿ.

ಅಪ್ಪುವಿನ ಅಮ್ಮ, ನಾನು ಬಿಐಇಆರ್‌ಟಿ, ಅಂದರೆ ಬ್ಲಾಕಿನ ಸಮನ್ವಯ ಶಿಕ್ಷಣದ ಶಿಕ್ಷಕಿ. ಇಂಥ ಮಕ್ಕಳು ಮಾಮೂಲಿ ಶಾಲೆಯಲ್ಲೇ ಕಲಿಯಲು ನೆರವಾಗುವುದು ನನ್ನ ಕೆಲಸ. ಮೊದಲು ಒಂದು ಮಾತು. ಮನೆಯಲ್ಲೇ ಪಾಠ ಅನ್ನುವುದು ತೀವ್ರ ತೊಂದರೆ ಇರುವ ಮಕ್ಕಳ ಮನೆಯವರು ಬೇಕೆಂದರೆ ಕೇಳಬಹುದಾದ ದಾರಿ. ಓಡಾಡುವ, ಓದುವ ಮಗುವನ್ನು ಶಾಲೆಯಿಂದ ಕಳಿಸಲು ಅದು ನೆಪ ಆಗಬಾರದು.

ಎರಡು ಜಡೆ ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ. ಜಡೆ ಎಳೆದದ್ದಕ್ಕೆ ಶಾಲೆ ಏನು ಮಾಡಿತು ಅಂತ ಕೇಳಿ. ಜಾಗ ಬದಲಿಸಿದರಾ? ಎಳೆಯುವ ಮುಂಚೆ ಏನಾಗಿತ್ತು ಅಂತ ಯಾರಾದರೂ ನೋಡಿದರಾ? ನೋಡಿರದಿದ್ದರೆ ಎರಡು ಮಕ್ಕಳನ್ನೂ ಶಾಲೆ ಕೈಬಿಟ್ಟಿದೆ.

ಕಿರುಚಾಟಕ್ಕೂ ಅದೇ. ಅಪ್ಪುವಿನ ಅಮ್ಮ, ಒಂದು ನೋಟ್‌ಬುಕ್ ಇಡಿ. ಯಾವ ಹೊತ್ತು, ಎಲ್ಲಿ ಕೂತಿದ್ದ, ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನು ಮಾಡಿದಿರಿ. ಒಂದು ವಾರ ಸಾಕು.

ಮೇಷ್ಟ್ರೇ, ನಿಮ್ಮ ನಲಿಕಲಿ ಪದ್ಧತಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದಾಗ ಆಟಿಸಂ ಯಾರ ತಲೆಯಲ್ಲೂ ಇರಲಿಲ್ಲ. ಆದರೂ ಅದರಲ್ಲಿ ಈ ಮಕ್ಕಳಿಗೆ ಬೇಕಾದದ್ದು ಎಷ್ಟೊಂದಿದೆ! ಕಲಿಕೆಯ ಮೆಟ್ಟಿಲುಗಳನ್ನು ಒಂದೊಂದಾಗಿ ತೋರಿಸುವ ಕಲಿಕಾ ಏಣಿ ಇದೆ, ಚಿತ್ರದ ಗುರುತಿರುವ ಕಾರ್ಡು ಇದೆ. ಮುಂದೇನು ಅಂತ ಮಗು ಕಣ್ಣಲ್ಲೇ ನೋಡಬಹುದು, ತನ್ನ ವೇಗದಲ್ಲೇ ಹತ್ತಬಹುದು.

ನಲಿಕಲಿ ಮೇಷ್ಟ್ರು:
ಒಪ್ಪಿದೆ ಮೇಡಂ. ಆದರೆ ಕೋಣೆ ನೋಡಿದ್ದೀರಲ್ಲ. ತಟ್ಟೆ ಅಂತ ಕರೆಯುವ ಐದು ಜಾಗದಲ್ಲಿ ಐದು ಗುಂಪು, ಒಂದು ಕಡೆ ಹಾಡು, ಇನ್ನೊಂದು ಕಡೆ ಜಗಳ. ತಲೆ ಮೇಲೆ ದಾರ ಕಟ್ಟಿದ ಚಪ್ಪರ, ಅದರ ತುಂಬ ಮಕ್ಕಳ ಚಿತ್ರ ನೇತಾಡುತ್ತಿರುತ್ತವೆ. ನನಗೇ ಸಂಜೆಗೆ ತಲೆ ಸಿಡಿಯುತ್ತದೆ. ಇನ್ನೊಂದು ಕೇಳಲಾ? ನೀವು ನಮ್ಮ ಶಾಲೆಗೆ ವರ್ಷಕ್ಕೆ ಎಷ್ಟು ಸಲ ಬರುತ್ತೀರಿ?

ಬಿಐಇಆರ್‌ಟಿ ಅಕ್ಕ:
ಚುಚ್ಚಿದಿರಿ, ಸರಿಯಾದ ಜಾಗಕ್ಕೇ. ನನ್ನ ಪಾಲಿಗೆ ಐವತ್ತಕ್ಕೂ ಜಾಸ್ತಿ ಶಾಲೆ ಇವೆ. ಬಸ್ಸಿನಲ್ಲೇ ಅರ್ಧ ದಿನ. ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು ಬೇಕು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಎಸ್‌ಡಿಎಂಸಿ ಸಭೆಯಲ್ಲಿ ಮಗುವನ್ನು ಕಳಿಸಿ ಅನ್ನುವ ಬದಲು, ಆ ಶಿಕ್ಷಕರನ್ನು ಕಳಿಸಿ ಅಂತ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿಗೆ) ಅರ್ಜಿ ಬರೆಯಬಹುದಿತ್ತು. ಈಗಲಾದರೂ ಬರೆದು, ಎಲ್ಲ ಪೋಷಕರ ಸಹಿ ಹಾಕಿಸಿ.

ಹಿಂದಿನ ಬೆಂಚು:
ನನಗೆ ಈಗ 29. ಆಟಿಸಂ ಇದೆ ಅಂತ ಗೊತ್ತಾಗಿದ್ದು 24ಕ್ಕೆ. ಮಾಮೂಲಿ ಶಾಲೆಯಲ್ಲೇ ಓದಿದೆ. ಗಲಾಟೆ ಮಾಡುತ್ತಿರಲಿಲ್ಲ, ಮಾರ್ಕ್ಸ್ ಬರುತ್ತಿತ್ತು. ಅದಕ್ಕೇ ಯಾರಿಗೂ ನನ್ನಿಂದ ತೊಂದರೆ ಇರಲಿಲ್ಲ. ಆಟದ ಪೀರಿಯಡ್ಡು ಪೂರ್ತಿ ನೀರಿನ ಟ್ಯಾಂಕಿನ ಹಿಂದೆ ನಿಂತಿರುತ್ತಿದ್ದೆ. ಹತ್ತು ವರ್ಷದಲ್ಲಿ ಒಬ್ಬ ಗೆಳೆಯ. ಇಲ್ಲಿ ಎಲ್ಲರೂ ಕಿರುಚುವುದನ್ನು ನಿಲ್ಲಿಸುವ ಮಾತಾಡುತ್ತಿದ್ದೀರಿ. ಕಿರುಚಿದರೆ ಕನಿಷ್ಠ ನಿಮಗೆ ಗೊತ್ತಾದರೂ ಆಗುತ್ತದೆ. ನಾನು ಕಿರುಚಲಿಲ್ಲ.

ಪುಟ್ಟಿಯ ಅಮ್ಮ:
ನಾನು ಮಗಳನ್ನು ಎರಡು ವರ್ಷ ಮಾಮೂಲಿ ಶಾಲೆಗೆ ಕಳಿಸಿ, ಆಮೇಲೆ ವಿಶೇಷ ಶಾಲೆಗೆ ಹಾಕಿದೆ. ಅಲ್ಲಿ 8 ಮಕ್ಕಳಿಗೆ ಇಬ್ಬರು ಟೀಚರ್. ಟಾಯ್ಲೆಟ್‌ಗೆ ಹೋಗಬೇಕು ಅಂತ ಕೈಸನ್ನೆ ಮಾಡಲು ಕಲಿತಳು. ನಿಮಗೆ ಅದು ಚಿಕ್ಕದು ಅನ್ನಿಸಬಹುದು, ನಮ್ಮ ಮನೆಯಲ್ಲಿ ಅವತ್ತು ಪಾಯಸ ಮಾಡಿದ್ದೆವು. ಊರಿನ ಶಾಲೆಯಲ್ಲೇ ಇರಬೇಕು ಅನ್ನುವವರು ನಮ್ಮನ್ನು ಸೋತವರ ಹಾಗೆ ನೋಡಬೇಡಿ. ಆದರೆ ನಾನು ಕರೆದುಕೊಂಡು ಹೋದೆ, ಯಾರೂ ಓಡಿಸಲಿಲ್ಲ. ಅಪ್ಪು ಬಸ್ಸಿನ ಬೋರ್ಡು ಓದುತ್ತಾನೆ ಅಂದಿರಿ. ಅವನು ಅಲ್ಲೇ ಇರಲಿ.

ಕರಿ ಕೋಟು:
ಮೇಷ್ಟ್ರೇ, ನಿಮ್ಮ ಮೊದಲ ಮಾತು ಓದಿದ ಮೇಲೆ ಪ್ರಿಂಟ್ ಇಡಿ ಅಂದದ್ದು ಸ್ವಲ್ಪ ಆತುರವಾಯಿತು ಅನ್ನಿಸಿತು. ಸೆಕ್ಷನ್ ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ.

ಅಪ್ಪುವಿನ ಅಮ್ಮ:
ಹತ್ತು ದಿನ ಬಿಟ್ಟು ಬರೆಯುತ್ತಿದ್ದೇನೆ. ನೋಟ್‌ಬುಕ್ ಇಟ್ಟೆವು, ಟೀಚರೂ ಬರೆದರು. ಆರು ಸಲ ಕಿರುಚಿದ್ದ. ಐದು ಸಲ ಗಂಟೆ ಹೊಡೆದಾಗ! ನಮ್ಮ ಶಾಲೆಯ ಗಂಟೆ ಅಂದರೆ ರೈಲು ಕಂಬಿಯ ತುಂಡು. ನಲಿಕಲಿ ಕೋಣೆಯ ಕಿಟಕಿಗೇ ಕಟ್ಟಿದ್ದಾರೆ. ಎರಡು ವರ್ಷದಿಂದ ಅಲ್ಲೇ ಇದೆ, ಯಾರಿಗೂ ಹೊಳೆದಿರಲಿಲ್ಲ, ನನಗೂ. ಹೆಡ್‌ಮಾಸ್ಟರು ಅದನ್ನು ಬಿಚ್ಚಿಸಿ ಬೇವಿನ ಮರಕ್ಕೆ ಕಟ್ಟಿಸಿದರು. ಮೂರನೇ ಕ್ಲಾಸಿನ ಒಬ್ಬಳು ಹುಡುಗಿ ಗಂಟೆಗೆ ಮುಂಚೆ ಅವನಿಗೆ ಗಂಟೆಯ ಚಿತ್ರ ತೋರಿಸುತ್ತಾಳೆ, ಅವನು ಕಿವಿ ಮುಚ್ಚಿಕೊಳ್ಳುತ್ತಾನೆ. ಈ ವಾರ ಒಂದೇ ಸಲ ಕಿರುಚಿದ್ದು. ಚಪ್ಪರದಿಂದ ತೊಂದರೆ ಏನಿಲ್ಲ ಮೇಷ್ಟ್ರೇ. ಫ್ಯಾನಿಗೆ ಕಾಗದ ಅಲ್ಲಾಡುವುದು ಅವನಿಗೆ ಬಲು ಇಷ್ಟ. ಅದನ್ನೇ ನೋಡುತ್ತಾ ಕಾರ್ಡು ಮರೆಯುತ್ತಾನೆ, ಅದು ಬೇರೆ ಮಾತು.

ಅರ್ಜಿಗೆ 19 ಸಹಿ ಆಗಿದೆ. ಸಭೆಯಲ್ಲಿ ಜೋರು ಮಾಡಿದವರಲ್ಲಿ ಒಬ್ಬರು ಹಾಕಿದರು, ಇನ್ನೊಬ್ಬರು ಹಾಕಲಿಲ್ಲ.

ನಲಿಕಲಿ ಮೇಷ್ಟ್ರು:
ಖುಷಿಯಾಯಿತಮ್ಮ. ನಮ್ಮ ಗಂಟೆ ಎಲ್ಲಿದೆ ಅಂತ ನಾಳೆ ನೋಡುತ್ತೇನೆ. ಆದರೆ ಒಂದು ಮಾತು. ನಲಿಕಲಿ ಮೂರನೇ ಕ್ಲಾಸಿಗೇ ಮುಗಿಯುತ್ತದೆ. ನಾಲ್ಕಕ್ಕೆ ಹೋದರೆ ಕಾರ್ಡೂ ಇಲ್ಲ, ಏಣಿಯೂ ಇಲ್ಲ. ಪುಸ್ತಕ, ಬೋರ್ಡು, ಎಲ್ಲರಿಗೂ ಒಂದೇ ಪಾಠ. ಆ ಕ್ಲಾಸಿನ ಮೇಷ್ಟ್ರ ಹತ್ತಿರ ಈಗಿಂದಲೇ ಮಾತಾಡಿ ಇಟ್ಟುಕೊಳ್ಳಿ. ಯಾರಿದ್ದಾರೆ ಅಲ್ಲಿ?

ಅಪ್ಪುವಿನ ಅಮ್ಮ:
ಅತಿಥಿ ಶಿಕ್ಷಕರು ಸರ್. ಪ್ರತಿ ವರ್ಷ ಬೇರೆಯವರು.