ಸಹಾಯ ಬೇಕು: ಓಟರ್ ಲಿಸ್ಟ್ ನೋಡಿಕೊಡಲು ಇಬ್ಬರು ಬನ್ನಿ

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಗರದ ಹತ್ತಿರ ಒಂದು ಸಣ್ಣ ಊರು. ಕಳೆದ ಚುನಾವಣೆಯಲ್ಲಿ ಪಕ್ಕದ ಮನೆಯ ಅಜ್ಜಿ ಓಟು ಹಾಕಲು ಎರಡು ಮೈಲಿ ನಡೆದು ಬಂದಿದ್ದರು. ಸೆರಗಿನ ತುದಿಯ ಗಂಟು ಬಿಚ್ಚಿ ಕಾರ್ಡ್ ತೋರಿಸಿದರು. ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಕಾರ್ಡನ್ನು ಮತ್ತೆ ಗಂಟು ಕಟ್ಟಿಕೊಂಡು, ಮಾತಾಡದೆ ವಾಪಸ್ ಹೋದರು. ನನಗೆ ಅದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಾರ್ಡ್ ಇದ್ದರೆ ಸಾಕು ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ, ಅಲ್ವಾ?

ಭೂಮಿ ಹುಣ್ಣಿಮೆಗೆ ಹೊರಗಿದ್ದವರೂ ಊರಿಗೆ ಬರುತ್ತಾರೆ. ಹಬ್ಬ ಮುಗಿದ ಮೊದಲ ಭಾನುವಾರ ಬೆಳಿಗ್ಗೆ ದೇವಸ್ಥಾನದ ಜಗಲಿಯಲ್ಲಿ ಕೂತು ಎಲ್ಲರ ಹೆಸರು ನೋಡಿಕೊಡೋಣ ಅಂತಿದ್ದೇನೆ. ಆಮೇಲೆ ಅಡಿಕೆ ಕೊಯ್ಲು ಶುರುವಾದರೆ ಯಾರೂ ಕೈಗೆ ಸಿಗುವುದಿಲ್ಲ.

ಮೊಬೈಲಲ್ಲಿ ಅರ್ಜಿ ತುಂಬಲು ಗೊತ್ತಿರುವ ಇಬ್ಬರು ಬೇಕು. ಹೊಸ ಹೆಸರಿಗೆ ನಮೂನೆ 6. ತಿದ್ದುಪಡಿಗೆ, ವಿಳಾಸ ಬದಲಾವಣೆಗೆ ನಮೂನೆ 8. ಮದುವೆಯಾಗಿ ಬಂದ ಸೊಸೆಯಂದಿರ ಹೆಸರು ತವರಿನಲ್ಲೇ ಉಳಿದಿರುವುದು ನಮ್ಮೂರಲ್ಲಿ ಜಾಸ್ತಿ, ಅವರಿಗೆ ನಮೂನೆ 8 ಸಾಕು. 17 ತುಂಬಿದ ಮಕ್ಕಳೂ ಮುಂಚೆಯೇ ಅರ್ಜಿ ಹಾಕಬಹುದು. ಸಂಶಯ ಬಂದರೆ ಓಟರ್ ಸಹಾಯವಾಣಿ 1950ಕ್ಕೆ ಫೋನ್ ಮಾಡಿ ಕೇಳೋಣ.

ನಮ್ಮಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಸಾಗರ ಪೇಟೆಯಲ್ಲಿ ಪ್ರಿಂಟರ್ ಇರುವ ಯಾರಾದರೂ ನಮ್ಮ ಬೂತಿನ ಪಟ್ಟಿ ತೆಗೆದುಕೊಟ್ಟರೆ ದೊಡ್ಡ ಉಪಕಾರ. ಕಾಗದದ ದುಡ್ಡು ನಾನು ಕೊಡುತ್ತೇನೆ. ಬಂದವರಿಗೆ ಮಧ್ಯಾಹ್ನದ ಊಟ ನಮ್ಮನೆಯಲ್ಲೇ. ಬರುವವರು ದಯವಿಟ್ಟು ಇಲ್ಲೇ ಕೆಳಗೆ ತಿಳಿಸಿ.